ಲಾರಿ ಕ್ಯಾಬಿನ್‌ನಿಂದ ಕಂಡ ಪುಣೆ

(ಮಾತಿನ ಬರಹರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ. ಆಡುಮಾತನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)



ನಾನು ಲಾರಿ ಡ್ರೈವರ್. ಊರು ವಿಜಯಪುರ ಜಿಲ್ಲೆಯ ಇಂಡಿ ತಾಲೂಕು. ಸ್ಟೇರಿಂಗ್ ಹಿಡಿದು 23 ವರ್ಷ ಆಯ್ತು. ಮೊದಲು 12 ವರ್ಷ ಲಿಂಬಿಹಣ್ಣು, ದಾಳಿಂಬೆ ಹೇರ್ಕೊಂಡು ಸೊಲ್ಲಾಪುರದ ಮೇಲೆ ಪುಣೆ ಮಾರ್ಕೆಟ್ ಯಾರ್ಡಿಗೆ ಹೋಗ್ತಿದ್ದೆ. ಆಮೇಲೆ ದೊಡ್ಡ ಗಾಡಿ ಹತ್ತಿದೆ. ಈಗ ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರು ಕಡೆಯಿಂದ ಚಾಕಣ್‌ಗೆ ಮೋಟಾರು ಕಂಪನಿಗಳ ಬಿಡಿಭಾಗ ಒಯ್ತೀನಿ. ಬರೋವಾಗ ಏನು ಸಿಗುತ್ತೋ ಅದನ್ನ ತುಂಬ್ಕೊಂಡು ಬರ್ತೀನಿ. ಹಿಂಗಾಗಿ ಪುಣೆಗೆ ಎಷ್ಟು ಸಲ ಹೋಗೀನಿ ಅಂತ ಲೆಕ್ಕ ಇಟ್ಟಿಲ್ಲ. ನನ್ನ ಮನೆಯಲ್ಲಿ ಮಲಗಿದ ರಾತ್ರಿಗಿಂತ ಆ ಊರಿನ ಸುತ್ತಮುತ್ತ ಮಲಗಿದ ರಾತ್ರಿ ಕಡಿಮೆ ಇರ್ಲಿಕ್ಕಿಲ್ಲ.

ನನ್ನನ್ನ ಇಲ್ಲಿ ಮಾತಾಡೋಕೆ ಕರೆದಾಗ "ಏನು ಮಾತಾಡಲಿ, ನಾನೇನು ಓದಿದವನಲ್ಲ" ಅಂದೆ. "ಪುಣೆ ಬಗ್ಗೆ ಮಾತಾಡ್ರಿ, ನಮ್ಮ ಪ್ರೇಕ್ಷಕರಲ್ಲಿ ಪುಣೆಯಲ್ಲಿರೋ ಐಟಿ ಹುಡುಗರು ಬಹಳ ಇದಾರೆ" ಅಂದ್ರು. ಹೌದಾ, ಹಂಗಾದ್ರ ಒಂದು ಮಾತದ ಅಂದೆ. ಯಾಕಂದ್ರ ಹೈವೇ ಢಾಬಾದಲ್ಲಿ, ಬಸ್ ನಿಂತ ಕಡೆ, ನಮ್ಮ ಹುಡುಗರು ಕನ್ನಡದಲ್ಲಿ ಫೋನಿನಲ್ಲಿ ಮಾತಾಡೋದು ನನ್ನ ಕಿವಿಗೆ ಬೀಳ್ತಿರುತ್ತೆ. ಪುಣೆ ಬಗ್ಗೆ ಮೂರು ದೂರು ಕೇಳ್ತೀನಿ. ಒಂದು, ಪುಣೆ ಜನ ಬಹಳ ಖಡಕ್, ಮುಖ ಕೊಟ್ಟು ಮಾತಾಡೋದಿಲ್ಲ. ಎರಡು, ಅದು ನಮ್ಮ ಊರಲ್ಲ, ನಾವು ಅವರಿಗೆ ಬೇಕಿಲ್ಲ. ಮೂರು, ಟ್ರಾಫಿಕ್, ಅದರಾಗೂ ಈ ಲಾರಿಗಳ ಕಾಟ.

ಮೂರಕ್ಕೂ ನಾನು ಕಂಡಿದ್ದು ಹೇಳ್ತೀನಿ. ಪುಣೆ ಸ್ವರ್ಗ ಅಂತ ಹೇಳೋಕೆ ಬಂದಿಲ್ಲ. ಆದ್ರೆ ಊರನ್ನ ನೋಡೋದಕ್ಕೆ ಎರಡು ಬಾಗಿಲು ಇರ್ತಾವ. ನೀವು ಮುಂಬಾಗಿಲಿಂದ ಬರ್ತೀರಿ: ಏರ್‌ಪೋರ್ಟು, ಆಫೀಸು, ಮಾಲು. ನಾವು ಹಿಂಬಾಗಿಲಿಂದ ಬರ್ತೀವಿ: ಗೋಡೌನು, ಯಾರ್ಡು, ತೂಕದ ಕಾಟಾ. ಮನೆಯ ಗುಣ ಅಡುಗೆಮನೆ ಕಡೆಯಿಂದ ನೋಡಿದವರಿಗೆ ಜಾಸ್ತಿ ಗೊತ್ತಾಗುತ್ತೆ ಅಲ್ವಾ?

ಮೊದಲು ಖಡಕ್ ಅನ್ನೋ ವಿಷಯ.

ಗುಲ್ಟೇಕಡಿಯಲ್ಲಿ ಮಾರ್ಕೆಟ್ ಯಾರ್ಡ್ ಅದ. ನಡುರಾತ್ರಿ ದಾಟಿದ ಮೇಲೆ ಅಲ್ಲಿಗೆ ಗಾಡಿ ಬರೋಕೆ ಶುರು. ಹಗಲು ಹೊತ್ತು ದೊಡ್ಡ ಗಾಡಿಗೆ ಊರೊಳಗಿನ ಬಹಳ ರಸ್ತೆಗಳಲ್ಲಿ ಬಿಡೋದಿಲ್ಲ, ಅದಕ್ಕೆ ಎಲ್ಲಾ ಕೆಲಸ ರಾತ್ರಿ. ನಾಶಿಕದ ದ್ರಾಕ್ಷಿ, ಕೊಂಕಣದ ಮಾವು, ನಮ್ಮ ಕಡೆಯ ಲಿಂಬಿ ಎಲ್ಲಾ ಅಲ್ಲೇ ಇಳಿಬೇಕು. ಬೆಳಗಾಗೋದರೊಳಗೆ ರಾಶಿ ಹಾಕಿ, ವಿಂಗಡಿಸಿ, ಸವಾಲು ಕೂಗಿ ಮುಗಿಸಬೇಕು. ಅಲ್ಲಿ ಯಾರೂ "ಊಟ ಆಯ್ತಾ, ಮಕ್ಕಳು ಹೆಂಗದಾರ" ಅಂತ ಕೇಳೋದಿಲ್ಲ. ಗಾಡಿ ಎಲ್ಲಿ ಹಚ್ಚಬೇಕು ಅಂತ ಎರಡು ಮಾತಲ್ಲಿ ಹೇಳ್ತಾರೆ, ಚೀಟಿ ಕೊಡ್ತಾರೆ, ಮುಗೀತು. ಮೊದಲನೇ ಸಲ ಹೋದಾಗ ನನಗೂ ಬ್ಯಾಸರ ಆಗಿತ್ತು. ಇದೇನಪ್ಪಾ, ಮನುಷ್ಯರೋ ಏನು ಅನಿಸಿತ್ತು.

ಆಮೇಲೆ ಒಂದೊಂದೇ ತಿಳೀತು. ಬಾಯಿತುಂಬಾ "ಬರ್ರಿ ಬರ್ರಿ" ಅಂದು, ಚಹಾ ಕುಡಿಸಿ, ಬಾಡಿಗೆ ಕೊಡೋವಾಗ ನಾಳೆ ಬಾ ಅನ್ನೋ ಊರುಗಳನ್ನ ನಾನು ಬೇಕಾದಷ್ಟು ನೋಡೀನಿ. ಪುಣೆಯಲ್ಲಿ ನನ್ನ ಅನುಭವದಲ್ಲಿ ಚಹಾ ಕುಡಿಸಲಿಲ್ಲ, ಆದ್ರೆ ಚೀಟಿಯಲ್ಲಿ ಬರೆದ ರೊಕ್ಕ ಚೀಟಿಯಲ್ಲಿ ಬರೆದ ದಿನ ಕೊಟ್ಟರು. ಮಾತು ಕಡಿಮೆ, ಲೆಕ್ಕ ಸರಿ. ದುಡಿದು ತಿನ್ನೋವನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದದ?

ಪುಣೆಯ ಬೋರ್ಡುಗಳ ಬಗ್ಗೆ ನೀವೆಲ್ಲಾ ನಗ್ತೀರಿ. "ಪುಣೇರಿ ಪಾಟಿ" ಅಂತ ಮೊಬೈಲಲ್ಲಿ ಫೋಟೋ ಕಳಿಸ್ತೀರಿ. ಗೇಟಿನ ಮುಂದೆ ಗಾಡಿ ನಿಲ್ಲಿಸಿದರೆ ಗಾಳಿ ಬಿಡ್ತೀವಿ, ವಿಳಾಸ ಕೇಳೋಕೆ ಬೆಲ್ ಒತ್ತಬೇಡಿ, ಮಧ್ಯಾಹ್ನ ಒಂದರಿಂದ ನಾಲ್ಕು ಅಂಗಡಿ ಬಂದ್, ಆ ಥರದ್ದು. ನಾವು ಡ್ರೈವರುಗಳು ಬೋರ್ಡು ಓದಿ ಬದುಕೋ ಜನ. ಎಲ್ಲಿ ತಿರುವು ಅದ, ಎಲ್ಲಿ ಸೇತುವೆ ತಗ್ಗದ, ಎಲ್ಲಿ ಪ್ರವೇಶ ಇಲ್ಲ ಅನ್ನೋದನ್ನ ಯಾರಾದ್ರೂ ಮೊದಲೇ ಸರಿಯಾಗಿ ಬರೆದಿಟ್ಟಿದ್ರೆ ಅದು ಉಪಕಾರ. ಬೋರ್ಡು ಇಲ್ಲದ ಓಣಿಯೊಳಗೆ ಗಾಡಿ ನುಗ್ಗಿಸಿ, ಹಿಂದಕ್ಕೆ ತೆಗೆಯೋಕೆ ಆಗದೆ, ಊರಿನವರ ಬೈಗುಳ ತಿನ್ನೋದಕ್ಕಿಂತ ಖಡಕ್ ಬೋರ್ಡು ಸಾವಿರ ಪಾಲು ಲೇಸು. ಆ ಊರು ತನಗೆ ಏನು ಆಗಿಬರಲ್ಲ ಅಂತ ಮುಖದ ಮೇಲೆ ಬರೆದಿಟ್ಟಿದೆ, ಅಷ್ಟೇ.

ಇನ್ನೊಂದು ಹೇಳಬೇಕು, ಹಮಾಲರದ್ದು. ಗಾಡಿ ಹಿಂದೆ ನಿಂತು ಚೀಲ ಇಳಿಸೋವರನ್ನ ಯಾವ ಊರು ಹೆಂಗ ನಡೆಸಿಕೊಳ್ಳುತ್ತೆ ಅಂತ ನೋಡಿದ್ರೆ ಆ ಊರು ಎಂಥದ್ದು ಅಂತ ತಿಳಿಯುತ್ತೆ. ಪುಣೆಯಲ್ಲಿ ಹಮಾಲ್ ಪಂಚಾಯತ್ ಅಂತ ಅದ. ಬಾಬಾ ಆಢಾವ್ ಅಂತ ಒಬ್ಬ ಡಾಕ್ಟರು ಕಟ್ಟಿದ್ದು. ನಾನಾ ಪೇಠೆಯಲ್ಲಿ ದವಾಖಾನೆ ಇಟ್ಕೊಂಡಿದ್ರು, ಬೆನ್ನುನೋವು, ಎದೆನೋವು ಅಂತ ಬರೋ ಹಮಾಲರನ್ನ ನೋಡಿ ನೋಡಿ, ಇದಕ್ಕೆ ಔಷಧಿ ಬಾಟಲಿಯಲ್ಲಿಲ್ಲ ಅಂತ ತಿಳಿದು ಸಂಘಟನೆಗೆ ಇಳಿದವರು. ಒಂದು ಚೀಲ ನೂರು ಕಿಲೋ ಇರ್ತಿದ್ದ ಕಾಲದಲ್ಲಿ ಅದನ್ನ 50ಕ್ಕೆ ಇಳಿಸ್ರಿ ಅಂತ ಹೋರಾಡಿದರು. 1969ರಲ್ಲಿ ಮಹಾರಾಷ್ಟ್ರದಲ್ಲಿ ಮಾಥಾಡಿ ಕಾಯ್ದೆ ಬಂತು. ಹಮಾಲಿ ಮಾಡೋವನ ಹೆಸರು ನೋಂದಣಿ ಆಗಬೇಕು, ಕೂಲಿ ಮಂಡಳಿಯ ಮೂಲಕ ಕೊಡಬೇಕು, ಪಿ.ಎಫ್. ಇರಬೇಕು ಅನ್ನೋ ಕಾಯ್ದೆ. ನಿಮ್ಮ ಸಂಬಳದ ಚೀಟಿಯಲ್ಲಿ ಪಿ.ಎಫ್. ಕಟ್ ಆಗೋದು ನಿಮಗೆ ಸಾಮಾನ್ಯ. ಮೈಮೇಲೆ ಚೀಲ ಹೊರೋವನಿಗೂ ಅದು ಬೇಕು ಅಂತ ಅಷ್ಟು ಹಿಂದೆ ಯೋಚನೆ ಮಾಡಿದ್ದು ಇದೇ ಖಡಕ್ ಜನ.

ಅದೇ ಪಂಚಾಯತ್ "ಕಷ್ಟಾಚೀ ಭಾಕರ್" ಅಂತ ಊಟದ ಮನೆ ನಡೆಸುತ್ತೆ. ಕಷ್ಟದ ರೊಟ್ಟಿ ಅಂತ ಅರ್ಥ. ಲಾಭವೂ ಬೇಡ, ನಷ್ಟವೂ ಬೇಡ ಅನ್ನೋ ಲೆಕ್ಕದಲ್ಲಿ ಕಡಿಮೆ ರೇಟಿಗೆ ರೊಟ್ಟಿ, ಪಲ್ಯ. ಜೋಳದ ರೊಟ್ಟಿ ತಿಂದು ಬೆಳೆದ ನನಗೆ ಮನೆಯಿಂದ ಸುಮಾರು 300 ಕಿಲೋಮೀಟರ್ ದೂರದಲ್ಲಿ, ಯಾರೂ ಮುಖ ನೋಡದ ಊರಿನಲ್ಲಿ, ಕಡಿಮೆ ರೊಕ್ಕಕ್ಕೆ ಬಿಸಿ ರೊಟ್ಟಿ ಸಿಕ್ಕಿದ್ದು ಅಲ್ಲಿ. ನೀವು ಹಿಂಜವಡಿಯಲ್ಲಿ "ನಮ್ಮ ಕಡೆ ಊಟ ಸಿಗಲ್ಲ" ಅಂತೀರಿ. ಸಿಗುತ್ತೆ. ಆದ್ರೆ ಆ್ಯಪ್‌ನಲ್ಲಿ ತೋರಿಸೋದಿಲ್ಲ.

ಈಗ ಎರಡನೇ ದೂರು. ನಮ್ಮ ಊರಲ್ಲ, ನಾವು ಬೇಕಿಲ್ಲ ಅನ್ನೋದು.

ಇದನ್ನ ಹಗುರವಾಗಿ ತೆಗೆದುಹಾಕೋದಿಲ್ಲ ನಾನು. ನನ್ನ ಗಾಡಿಯ ಮುಂದೆ, ಹಿಂದೆ ಕೆ.ಎ. ನಂಬರ್ ಅದ. 2025ರ ಫೆಬ್ರವರಿಯಲ್ಲಿ ಬೆಳಗಾವಿ ಹತ್ತಿರ ಬಸ್ ಕಂಡಕ್ಟರ್ ಮೇಲೆ ಭಾಷೆ ವಿಷಯಕ್ಕೆ ಹಲ್ಲೆ ಆಯ್ತು. ಎರಡೂ ಕಡೆ ಬಸ್ಸುಗಳಿಗೆ ಮಸಿ ಬಳಿದರು. ಪುಣೆಯ ಸ್ವಾರಗೇಟ್ ಹತ್ತಿರವೂ ನಮ್ಮ ಬಸ್ಸುಗಳಿಗೆ ಬಳಿದರು. ಎರಡೂ ರಾಜ್ಯದ ಬಸ್ಸು ಕೆಲವು ದಿನ ನಿಂತವು. ಬಸ್ಸು ನಿಲ್ಲಿಸಬಹುದು ರೀ, ಕಂಪನಿಯ ಮಾಲು ನಿಲ್ಲಿಸೋಕೆ ಆಗೋದಿಲ್ಲ. ಹೊತ್ತಿಗೆ ಸರಿಯಾಗಿ ಮಾಲು ಮುಟ್ಟದಿದ್ದರೆ ಅಲ್ಲಿ ಲೈನು ನಿಲ್ಲುತ್ತೆ, ಇಲ್ಲಿ ಬಾಡಿಗೆ ಕಟ್. ಆ ವಾರ ನಾನು ಗಾಡಿ ಹೊಡೆದೆ. ಎದೆಯಲ್ಲಿ ಅಳುಕು ಇತ್ತು, ಸುಳ್ಳು ಯಾಕೆ ಹೇಳಲಿ.

ಆಗ ಏನಾಯ್ತು ಕೇಳ್ರಿ. ಸಾತಾರಾ ದಾಟೋದರೊಳಗೆ ಮಾರ್ಕೆಟ್ ಯಾರ್ಡಿನ ಒಬ್ಬ ಹಳೇ ಹಮಾಲನ ಫೋನು. ಮರಾಠಿ ಮನುಷ್ಯ. ನಾನು ಹಣ್ಣಿನ ಲೈನು ಬಿಟ್ಟು ಎಷ್ಟೋ ವರ್ಷ ಆಗಿತ್ತು, ಆದ್ರೂ ನಂಬರ್ ಇಟ್ಕೊಂಡಿದ್ದ. "ಎಲ್ಲಿ ಇದೀಯ, ಊರೊಳಗೆ ಗಾಡಿ ತರಬೇಡ, ರಾತ್ರಿ ಬೈಪಾಸ್ ಮೇಲೇ ಹೋಗು, ಎಲ್ಲಾದ್ರೂ ತಡೆದರೆ ನನಗೆ ಫೋನ್ ಹಚ್ಚು" ಅಂದ. ನನ್ನನ್ನ ಯಾರೂ ತಡೀಲಿಲ್ಲ, ಫೋನ್ ಹಚ್ಚೋ ಪ್ರಸಂಗ ಬರಲಿಲ್ಲ. ಆದ್ರೆ ಮಸಿ ಬಳಿದವರು ಟಿವಿಯಲ್ಲಿ ಬಂದರು, ಫೋನ್ ಮಾಡಿದವನು ಬರಲಿಲ್ಲ. ಊರು ಅಂದ್ರೆ ಯಾರು, ಟಿವಿಯಲ್ಲಿ ಬಂದವರಾ, ಫೋನ್ ಮಾಡಿದವನಾ? ನೀವೇ ಯೋಚನೆ ಮಾಡ್ರಿ.

ಮತ್ತೆ, ಅದು ನಮ್ಮ ಊರೇ ಅಲ್ಲ ಅಂತೀರಲ್ಲ, ಅದೂ ಪೂರ್ತಿ ನಿಜ ಅಲ್ಲ. 1956ರ ನವೆಂಬರ್ 1ರವರೆಗೆ ನಮ್ಮ ವಿಜಯಪುರ, ಬೆಳಗಾವಿ, ಧಾರವಾಡ ಎಲ್ಲಾ ಮುಂಬಯಿ ರಾಜ್ಯದೊಳಗೇ ಇದ್ದವು. ನಮ್ಮ ಕಡೆಯ ಹುಡುಗರು ಕಾಲೇಜು ಓದೋಕೆ ಪುಣೆಗೂ ಹೋಗ್ತಿದ್ದರು. ದ.ರಾ. ಬೇಂದ್ರೆಯವರು ಬಿ.ಎ. ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಲ್ಲಿ. ಅವರ ಮನೆಮಾತು ಮರಾಠಿ, ಬರೆದದ್ದು ಕನ್ನಡ. ಕಿರ್ಲೋಸ್ಕರ್ ಅಂತ ಪಂಪಿನ ಮೇಲೆ, ಎಂಜಿನ್ ಮೇಲೆ ಹೆಸರು ನೋಡ್ತೀರಲ್ಲ, ಆ ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು 1869ರಲ್ಲಿ, ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಕಬ್ಬಿಣದ ನೇಗಿಲು ಮಾಡಿದವರು. ಆ ಮನೆತನದ ಆಯಿಲ್ ಎಂಜಿನ್ ಕಾರ್ಖಾನೆ ಪುಣೆಯ ಖಡಕಿಯಲ್ಲಿ 1946ರಲ್ಲಿ ಶುರುವಾಯ್ತು.

ಭೀಮಸೇನ ಜೋಶಿಯವರನ್ನ ನೋಡ್ರಿ. ಗದಗಿನ ಹುಡುಗ, ಹಾಡು ಕಲಿಯೋ ಹುಚ್ಚಿಗೆ ಸಣ್ಣ ವಯಸ್ಸಲ್ಲಿ ಮನೆಬಿಟ್ಟು ಟಿಕೆಟ್ ಇಲ್ಲದೆ ರೈಲು ಹತ್ತಿದವರು. ಕೊನೆಗೆ ನೆಲೆ ನಿಂತದ್ದು ಪುಣೆಯಲ್ಲಿ. ಗುರು ಸವಾಯಿ ಗಂಧರ್ವರು ನಮ್ಮ ಕುಂದಗೋಳದವರು. ಅವರ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಶುರುಮಾಡಿದ ಸಂಗೀತೋತ್ಸವ ಇವತ್ತಿಗೂ ನಡೀತದ. ಡಿಸೆಂಬರ್ ಚಳಿಯಲ್ಲಿ ಸಾವಿರಾರು ಜನ ಕೂತು ಕೇಳ್ತಾರೆ. ಕುಂದಗೋಳದ ಹೆಸರನ್ನ ನಾವು ಮರೆತಿರಬಹುದು, ಪುಣೆ ಮರೆತಿಲ್ಲ. ನನಗೆ ಭೀಮಸೇನರ ಮೇಲೆ ಇನ್ನೊಂದು ಕಾರಣಕ್ಕೆ ಪ್ರೀತಿ. ಅವರಿಗೆ ಕಾರಿನ ಹುಚ್ಚು. ಕಛೇರಿಗೆ ನೂರಾರು ಕಿಲೋಮೀಟರ್ ತಾವೇ ಗಾಡಿ ಹೊಡ್ಕೊಂಡು ಹೋಗ್ತಿದ್ದರು. ಅಂದ್ರೆ ಇದೇ ರಸ್ತೆಯ ಮನುಷ್ಯ. ರಾತ್ರಿ ಖಂಬಾಟ್ಕಿ ಘಾಟಿನಲ್ಲಿ ಅವರ ಹಾಡು ಹಚ್ಚಿಕೊಂಡರೆ ನಿದ್ದಿ ಹತ್ತಿರ ಸುಳಿಯೋದಿಲ್ಲ.

ನೀವು ಐಟಿಯವರು, ನಿಮ್ಮದೇ ಉದಾಹರಣೆ ಬೇಕಂದ್ರೆ ಇನ್ಫೋಸಿಸ್ ತಗೊಳ್ರಿ. ಅದು ಬೆಂಗಳೂರಿನ ಕಂಪನಿ ಅಂತ ಎಲ್ಲರೂ ಅಂದ್ಕೊಂಡಾರ. 1981ರಲ್ಲಿ ಶುರು ಆಗಿದ್ದು ಪುಣೆಯಲ್ಲಿ, ಸುಧಾ ಮೂರ್ತಿಯವರು ಕೂಡಿಟ್ಟು ಕೊಟ್ಟ ಹತ್ತು ಸಾವಿರ ರೂಪಾಯಿಯಿಂದ. ಬೆಂಗಳೂರಿಗೆ ಬಂದದ್ದು 1983ರಲ್ಲಿ. ಸುಧಾ ಮೂರ್ತಿಯವರು ನಮ್ಮ ಶಿಗ್ಗಾವಿಯಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ, ಟೆಲ್ಕೋ ಕೆಲಸಕ್ಕೆ ಪುಣೆಗೆ ಹೋದವರು. ಆ ದಾರಿಯಲ್ಲಿ ನೀವೇ ಮೊದಲಿಗರಲ್ಲ.

ಇವೆಲ್ಲಾ ದೊಡ್ಡವರ ಹೆಸರು. ಹೆಸರಿಲ್ಲದವರೂ ಅದಾರ. ನೀವು ಇರೋ ಅಪಾರ್ಟ್‌ಮೆಂಟು ಕಟ್ಟಿದವರು ಯಾರು ಅಂತ ಕೇಳಿ ನೋಡ್ರಿ. ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯ ಜನ ಪುಣೆಯ ಕಟ್ಟಡ ಕೆಲಸದಲ್ಲಿ ತುಂಬಿಕೊಂಡಿದಾರೆ. ಬೆಳಿಗ್ಗೆ ಮಜೂರ್ ಅಡ್ಡಾದಲ್ಲಿ ಬುತ್ತಿ ಡಬ್ಬಿ ಹಿಡ್ಕೊಂಡು ಕೆಲಸಕ್ಕೆ ಕಾಯ್ತಾ ನಿಂತಿರ್ತಾರಲ್ಲ, ಹತ್ತಿರ ಹೋಗಿ ಕಿವಿಗೊಟ್ಟು ಕೇಳ್ರಿ, ಕನ್ನಡ ಕೇಳಿಸುತ್ತೆ. ಪುಣೆಯಲ್ಲಿ ಕನ್ನಡ ಇಲ್ಲ ಅಂತ ಹೇಳೋವರಿಗೆ ನಾನು ಹೇಳೋದು ಇಷ್ಟೇ: ಇದೆ, ಆದ್ರೆ ಇಸ್ತ್ರಿ ಹಾಕಿದ ಅಂಗಿಯಲ್ಲಿ ಇಲ್ಲ.

2020ರಲ್ಲಿ ಲಾಕ್‌ಡೌನ್ ಆದಾಗ ಇದು ನನ್ನ ಕಣ್ಣಿಗೆ ಕಟ್ಟಿದಂಗ ಕಂಡಿತು. ಬಸ್ಸು, ರೈಲು ಬಂದ್. ಮಾಲಿನ ಗಾಡಿಗೆ ಮಾತ್ರ ದಾರಿ. ಸೊಲ್ಲಾಪುರ ರಸ್ತೆಯಲ್ಲಿ ಗಂಟು ಹೊತ್ಕೊಂಡು, ಮಕ್ಕಳನ್ನ ಹೆಗಲಮೇಲೆ ಕೂರಿಸ್ಕೊಂಡು ನಡೀತಿದ್ದ ಜನ ನನ್ನ ಗಾಡಿ ನಂಬರ್ ನೋಡಿ ಕೈ ಅಡ್ಡ ಹಿಡಿದು "ಅಣ್ಣಾ, ಇಂಡಿ ಗಾಡಿ ಏನ್ರಿ?" ಅಂತ ಕೇಳ್ತಿದ್ರು. ಮನುಷ್ಯರನ್ನ ಹತ್ತಿಸೋ ಪರವಾನಗಿ ಇರಲಿಲ್ಲ. ನೀರಿನ ಕ್ಯಾನು, ಬಿಸ್ಕೀಟು ಕೊಟ್ಟೆ. ಅದೇ ರಸ್ತೆಯಲ್ಲಿ ಲೋಣಿ, ಯವತ್ ಕಡೆ ಮರಾಠಿ ಊರಿನವರು ದಾರಿ ಬದಿಗೆ ಅನ್ನದ ಪಾತೇಲಿ ಇಟ್ಕೊಂಡು ನಿಂತಿದ್ದರು. ಯಾವ ಭಾಷೆ ಅಂತ ಕೇಳಿ ಬಡಿಸಲಿಲ್ಲ.

ಅದೇನು ಅವರಿಗೆ ಹೊಸದಲ್ಲ. ವರ್ಷಾ ಜ್ಯೇಷ್ಠದ ಕೊನೆಗೆ ಪಾಲಖಿ ಬರುತ್ತೆ. ಆಳಂದಿಯಿಂದ ಜ್ಞಾನೇಶ್ವರರದ್ದು, ದೇಹುವಿನಿಂದ ತುಕಾರಾಮರದ್ದು. ಎರಡೂ ಪುಣೆಗೆ ಬಂದು ತಂಗಿ, ಆಮೇಲೆ ಪಂಢರಪುರದ ಕಡೆ ನಡೀತಾವೆ. ಜ್ಞಾನೇಶ್ವರರ ಪಾಲಖಿ ದಿವೆ ಘಾಟ್ ಹತ್ತಿ ಸಾಸವಡಕ್ಕೆ, ತುಕಾರಾಮರ ಪಾಲಖಿ ನಮ್ಮ ಸೊಲ್ಲಾಪುರ ರಸ್ತೆ ಹಿಡಿದು ಲೋಣಿ ಕಾಳಭೋರಕ್ಕೆ. ಆ ದಿನ ದೊಡ್ಡ ಗಾಡಿಗಳನ್ನ ಬೇರೆ ದಾರಿಗೆ ತಿರುಗಿಸ್ತಾರೆ, ಇಲ್ಲಾ ನಿಲ್ಲಿಸ್ತಾರೆ. ಐಟಿಯವರು "ಟ್ರಾಫಿಕ್ ಜಾಮ್" ಅಂತ ಗೊಣಗಿಕೊಂಡು ಮನೆಯಿಂದ ಕೆಲಸ ಮಾಡ್ತೀರಿ. ಒಂದು ಸಲ ಲ್ಯಾಪ್‌ಟಾಪ್ ಮುಚ್ಚಿ ಕೆಳಗಿಳಿದು ಬರ್ರಿ. ಊರಿನ ಚಮ್ಮಾರರು ವಾರಕರಿಗಳ ಚಪ್ಪಲಿ ಪುಕ್ಕಟೆ ಹೊಲಿದು ಕೊಡ್ತಿರ್ತಾರೆ, ಕ್ಷೌರಿಕರು ಗಡ್ಡ ಮಾಡ್ತಿರ್ತಾರೆ, ಡಾಕ್ಟರುಗಳು ಕಾಲಿನ ಬೊಬ್ಬೆಗೆ ಮುಲಾಮು ಹಚ್ತಿರ್ತಾರೆ. ಒಂದೊಂದು ದಿಂಡಿಯ ಹಿಂದೆ ಒಂದೊಂದು ಲಾರಿ, ಅದರೊಳಗೆ ಪಾತ್ರೆ, ಡೇರೆ, ಗಂಟುಮೂಟೆ. ಆ ಎರಡು ದಿನ ಪುಣೆಯಲ್ಲಿ ಲಾರಿ ಡ್ರೈವರನಿಗೂ ಕೈಮುಗೀತಾರೆ ನೋಡ್ರಿ. ಖಡಕ್ ಜನ ಅಂತೀರಲ್ಲ, ಅವರೇ. ಮತ್ತೆ ಆ ಪಂಢರಪುರದ ವಿಠ್ಠಲ ನಮಗೂ ದೇವರು. ನಮ್ಮ ಊರಿಂದ ವರ್ಷಾ ನಡ್ಕೊಂಡು ಹೋಗೋರು ಅದಾರ.

ನೀರಿನ ಮಾತೂ ಒಂದು ಹೇಳ್ತೀನಿ. ಧೂಳಖೇಡ ಸೇತುವೆ ಮೇಲೆ ನಾನು ಭೀಮಾ ಹೊಳೆ ದಾಟಿ ಮಹಾರಾಷ್ಟ್ರಕ್ಕೆ ಹೋಗ್ತೀನಿ. ಮುಂದೆ ಭೀಮಾನಗರದ ಹತ್ತಿರ ಉಜನಿ ಅಣೆಕಟ್ಟಿನ ಕೆಳಗೆ ಮತ್ತೆ ಅದೇ ಭೀಮಾ. ಭಿಗವಣದ ಹತ್ತಿರ ಅದರ ಹಿನ್ನೀರು, ಚಳಿಗಾಲದಲ್ಲಿ ಅಲ್ಲಿ ರಾಜಹಂಸ ಇಳಿದಿರ್ತಾವ. ಪುಣೆಯೊಳಗೆ ಮುಳಾ, ಮುಠಾ ಕೂಡಿ ಹರಿದು ಬಂದು ಇದೇ ಭೀಮೆಗೆ ಸೇರ್ತಾವೆ. ಅಂದ್ರೆ ನಿಮ್ಮ ಬಾಣೇರ್, ವಾಕಡ್ ಅಪಾರ್ಟ್‌ಮೆಂಟಿನ ಮುಂದೆ ಹರಿಯೋ ನೀರು ಪಂಢರಪುರ ದಾಟಿ ನಮ್ಮ ಇಂಡಿಗೆ, ಗಾಣಗಾಪುರಕ್ಕೆ ಬರುತ್ತೆ. ಪುಣೆ ನದಿಗೆ ಏನು ಬಿಡುತ್ತೋ ಅದು ನಮ್ಮ ಹೊಲಕ್ಕೂ ಬರುತ್ತೆ. ಪುಣೆ ಏನಾದ್ರೂ ಆಗಲಿ, ನಮಗೇನು ಅಂತ ಹೇಳೋ ಹಂಗಿಲ್ಲ. ನದಿ ಹೊಲಸಾದ್ರೆ ಅಲ್ಲಿ ಇರೋ ನೀವು ಕೂಗಬೇಕು. ನಿಮ್ಮ ಊರಿನ ಸಲುವಾಗಿಯೂ ಕೂಗಿದಂಗ ಆಗುತ್ತೆ.

ನನ್ನ ತಂಗಿಯ ಮಗನ ವಿಷಯ ಹೇಳಿದ್ರೆ ನಿಮಗೆ ಇದು ಯಾಕೆ ಹೇಳ್ತಿದೀನಿ ಅಂತ ತಿಳಿಯುತ್ತೆ. ಇಂಜಿನಿಯರಿಂಗ್ ಮುಗಿಸಿ ಹಿಂಜವಡಿಯಲ್ಲಿ ಕೆಲಸ ಸಿಕ್ಕಿತು. ಮನೆಯಲ್ಲಿ ಮೊದಲನೇ ನೌಕರಿ, ಸಾಲ ಮಾಡಿ ಓದಿಸಿದ್ದರು. ಆರು ತಿಂಗಳಿಗೆ "ಬಿಟ್ಟು ಬರ್ತೀನಿ, ಇಲ್ಲಿ ಯಾರೂ ಮಾತಾಡಲ್ಲ, ರೂಮಿನಲ್ಲಿ ಒಬ್ಬನೇ ಇರ್ತೀನಿ" ಅಂತ ಅವ್ವನ ಮುಂದೆ ಅಳೋಕೆ ಶುರುಮಾಡಿದ. ತಂಗಿ ಹೆದರಿ ನನಗೆ ಫೋನ್ ಮಾಡಿದಳು. ಬುದ್ಧಿ ಹೇಳೋದು ನನಗೆ ಬರೋದಿಲ್ಲ. ಒಂದು ರವಿವಾರ ಬೆಳಗಿನ ಜಾವ ನಾಲ್ಕಕ್ಕೆ ಅವನನ್ನ ಮಾರ್ಕೆಟ್ ಯಾರ್ಡಿಗೆ ಕರೆಸಿದೆ. ಅಲ್ಲಿ ನಮ್ಮ ಕಡೆಯ ಲಿಂಬಿ ಗಾಡಿ ಹುಡುಗರ ಪರಿಚಯ ಮಾಡಿಸಿದೆ, ಹಮಾಲರ ಸಂಗಡ ರೊಟ್ಟಿ ತಿನ್ನಿಸಿದೆ. ಆಮೇಲೆ ಅವನ ಬಿಲ್ಡಿಂಗಿನ ವಾಚ್‌ಮನ್ ಹತ್ತಿರ ಕರ್ಕೊಂಡು ಹೋಗಿ ನಾನೇ ಮಾತಾಡಿಸಿದೆ. ಆ ಮನುಷ್ಯ ಅಫಜಲಪುರದವ! ಆರು ತಿಂಗಳು ದಿನಾ ಎರಡು ಹೊತ್ತು ಗೇಟು ತೆಗೆದಿದ್ದಾನೆ, ಇಬ್ಬರೂ ಹಿಂದಿಯಲ್ಲಿ ಹೂಂ ಹೂಂ ಅಂದ್ಕೊಂಡು ಓಡಾಡಿದಾರೆ.

ಅದರಿಂದ ಎಲ್ಲಾ ಸರಿಹೋಯ್ತು ಅಂತ ಹೇಳಲ್ಲ. ಎರಡು ವರ್ಷ ಅಲ್ಲಿ ದುಡಿದ, ಸಾಲ ತೀರಿಸಿದ, ಆಮೇಲೆ ಜಾಸ್ತಿ ಸಂಬಳಕ್ಕೆ ಬೆಂಗಳೂರಿಗೆ ಹೋದ. ಆದ್ರೆ ಅಳ್ತಾ ಓಡಿ ಬರಲಿಲ್ಲ. ಆ ವಾಚ್‌ಮನ್ ಮಗಳ ಮದುವೆಗೆ ಈಗಲೂ ಹೋಗಿ ಬಂದ.

ಮೂರನೇ ದೂರು ಟ್ರಾಫಿಕ್, ಲಾರಿ ಕಾಟ. ಇದು ಜೀವದ ವಿಷಯ, ಅದಕ್ಕೆ ಬಿಡಿಸಿ ಹೇಳ್ತೀನಿ.

ಸಾತಾರಾ ಕಡೆಯಿಂದ ಬರೋವಾಗ ಹೊಸ ಕಾತ್ರಜ್ ಸುರಂಗ ದಾಟಿದ ಮೇಲೆ ನವಲೆ ಸೇತುವೆವರೆಗೆ ಉದ್ದಕ್ಕೆ ಇಳಿಜಾರು. ಬೆಂಗಳೂರು ಬಸ್ಸಿನಲ್ಲಿ ಬರೋರು ಎಲ್ಲರೂ ಅದನ್ನ ದಾಟೇ ಬರ್ತೀರಿ. ನರ್ಹೆ, ಆಂಬೆಗಾಂವ್ ಕಡೆ ಇರೋರು ದಿನಾ ದಾಟ್ತೀರಿ. 2022ರ ನವೆಂಬರ್‌ನಲ್ಲಿ ಅಲ್ಲಿ ಒಂದು ದೊಡ್ಡ ಗಾಡಿ ನಿಯಂತ್ರಣ ತಪ್ಪಿ ಹತ್ತಾರು ವಾಹನಗಳಿಗೆ ಗುದ್ದಿತು. 2025ರ ನವೆಂಬರ್‌ನಲ್ಲಿ ಮತ್ತೆ ದೊಡ್ಡ ಅಪಘಾತ, ಬೆಂಕಿ, ಸಾವು. ಯಾಕೆ ಹಿಂಗಾಗುತ್ತೆ?

ಎರಡು ಆಕ್ಸಲ್‌ನ ಸಾಮಾನ್ಯ ಲಾರಿಗೆ 2018ರಲ್ಲಿ ತೂಕದ ಮಿತಿ 16.2 ಟನ್‌ನಿಂದ 18.5 ಟನ್‌ಗೆ ಏರಿತು. ದೊಡ್ಡ ಗಾಡಿಗಳದ್ದು ಇದರ ಎರಡು ಪಟ್ಟಿಗಿಂತ ಜಾಸ್ತಿ. ಆ ತೂಕ ಇಳಿಜಾರಲ್ಲಿ ಹಿಂದಿನಿಂದ ನೂಕ್ತಿರುತ್ತೆ. ಬರೀ ಬ್ರೇಕ್ ಒತ್ತಿಕೊಂಡೇ ಇಳಿದರೆ ಬ್ರೇಕ್ ಡ್ರಮ್ಮು ಕೆಂಡ ಆಗುತ್ತೆ, ಕಾದ ಮೇಲೆ ಹಿಡಿಯೋದಿಲ್ಲ. ಅದಕ್ಕೆ ಸಣ್ಣ ಗೇರ್ ಹಾಕಿ ಎಂಜಿನ್ನಿನ ಬಿಗಿಯಲ್ಲೇ ಇಳಿಸಬೇಕು. ಆದ್ರೆ ಡೀಸೆಲ್ ಉಳಿಸೋ ಆಸೆಗೆ ಕೆಲವರು ನ್ಯೂಟ್ರಲ್ ಮಾಡ್ತಾರೆ. ಇನ್ನೂ ಕೆಲವರು ಎಂಜಿನ್ನೇ ಬಂದ್ ಮಾಡ್ತಾರೆ. ಬಂದ್ ಮಾಡಿದರೆ ಬ್ರೇಕಿನ ಗಾಳಿ ಮತ್ತೆ ತುಂಬೋದಿಲ್ಲ, ಪವರ್ ಸ್ಟೇರಿಂಗ್ ಕಲ್ಲಾಗುತ್ತೆ. ತಮಾಷೆ ಅಂದ್ರೆ, ಈಗಿನ ಎಲೆಕ್ಟ್ರಾನಿಕ್ ಎಂಜಿನ್ನಿನಲ್ಲಿ ನ್ಯೂಟ್ರಲ್‌ನಿಂದ ಡೀಸೆಲ್ ಉಳಿಯೋದೇ ಇಲ್ಲ. ಗೇರಿನಲ್ಲಿಟ್ಟು ಕಾಲು ತೆಗೆದರೆ ಎಂಜಿನ್ ತಾನೇ ಡೀಸೆಲ್ ನಿಲ್ಲಿಸುತ್ತೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಇರೋಕೆ ಡೀಸೆಲ್ ಬೇಕು. ಇದನ್ನ ನಾನು ಕಂಡ ಹೊಸ ಡ್ರೈವರಿಗೆಲ್ಲಾ ಹೇಳ್ತೀನಿ. ಮಾಲೀಕ ಲೀಟರ್ ಲೆಕ್ಕ ಹಾಕಿ ಸಂಬಳ ಕಡಿತಾನೆ ಅನ್ನೋ ಹೆದರಿಕೆಗೆ ಕೇಳೋದಿಲ್ಲ. ಒಟ್ಟಿನಲ್ಲಿ ಆ ಇಳಿಜಾರಲ್ಲಿ ಉರುಳೋ ಲಾರಿಯ ಹಿಂದೆ ಒಬ್ಬ ನಿದ್ದಿಗೆಟ್ಟ ಮನುಷ್ಯ ಇರ್ತಾನೆ, ಅವನ ಹಿಂದೆ ಒಂದು ಲೆಕ್ಕದ ಪುಸ್ತಕ ಇರುತ್ತೆ.

ನೀವು ಮಾಡಬಹುದಾದದ್ದು ಒಂದು ಅದ. ಲಾರಿ ಮುಂದೆ ಸ್ವಲ್ಪ ಜಾಗ ಖಾಲಿ ಕಂಡ್ರೆ ಅದು ನಿಮಗಾಗಿ ಬಿಟ್ಟದ್ದು ಅಂತ ತಿಳಿದು ನುಗ್ಗಬೇಡ್ರಿ. ಅದು ನಮ್ಮ ಬ್ರೇಕು. ನೀವು ಆ ಜಾಗಕ್ಕೆ ಬಂದು ಬ್ರೇಕ್ ಒತ್ತಿದರೆ ನಿಮ್ಮ ಕಾರು ನಿಲ್ಲೋ ದೂರದಲ್ಲಿ ನನ್ನ ಗಾಡಿ ನಿಲ್ಲೋದಿಲ್ಲ. ಮತ್ತೆ ಸ್ಕೂಟರಿನವರು ನಮ್ಮ ಎಡಗಡೆ ಬಾಗಿಲಿಗೆ ಅಂಟಿಕೊಂಡು ಬರಬೇಡ್ರಿ, ಅಲ್ಲಿ ನೀವು ನಮಗೆ ಕಾಣೋದೇ ಇಲ್ಲ.

ಪುಣೆ ಮೇಲೆ ನನಗೂ ದೂರು ಅದ. ಅಷ್ಟು ಕಾರ್ಖಾನೆ ಇರೋ ಊರು, ಡ್ರೈವರಿಗೆ ಗಾಡಿ ನಿಲ್ಲಿಸೋ ಜಾಗ ಕಡಿಮೆ, ಶೌಚಾಲಯ ಇನ್ನೂ ಕಡಿಮೆ. ನಿಗಡಿಯ ಟ್ರಾನ್ಸ್‌ಪೋರ್ಟ್ ನಗರದಂಥ ಜಾಗ ಎಲ್ಲಾ ದಿಕ್ಕಿಗೂ ಇಲ್ಲ. ಒಂದು ಕಂಪನಿಯ ಗೇಟಿನ ಹೊರಗೆ ಎರಡು ದಿನ ಕಾಯ್ದೀನಿ, ಒಳಗೆ ನೀರಿಗೂ ಬಿಡಲಿಲ್ಲ. ಜಿ.ಎಸ್.ಟಿ. ಬಂದ ಮೇಲೆ ಗಡಿಯ ಚೆಕ್‌ಪೋಸ್ಟಿನಲ್ಲಿ ಕಾಯೋದು ತಪ್ಪಿತು, ಫಾಸ್ಟ್ಯಾಗ್ ಬಂದ ಮೇಲೆ ಟೋಲಿನಲ್ಲಿ ಕಾಯೋದು ಕಡಿಮೆ ಆಯ್ತು. ಆದ್ರೆ ಗೇಟಿನ ಮುಂದಿನ ಕಾಯೋದು ಹಂಗೇ ಅದ. ಹೊಸ ಲಾರಿಗೆ ಎ.ಸಿ. ಕ್ಯಾಬಿನ್ 2025ರಲ್ಲಿ ಕಡ್ಡಾಯ ಆಗ್ಯಾದ. ನನ್ನದು ಹಳೇ ಗಾಡಿ, ಏಪ್ರಿಲ್‌ನಲ್ಲಿ ಗೇಟಿನ ಮುಂದೆ ಕೂತರೆ ಕ್ಯಾಬಿನ್ ಒಲಿ ಆಗುತ್ತೆ. ನಿಮ್ಮಲ್ಲಿ ಕೆಲವರು ಇಂಥ ಕಂಪನಿಗಳ ಗೇಟು, ಸರತಿ, ಸ್ಲಾಟು ಇವುಗಳ ಸಾಫ್ಟ್‌ವೇರ್ ಬರೆಯೋರು ಇರಬಹುದು. ಬರೆಯೋವಾಗ ಲಾರಿ ನಂಬರಿನ ಸಂಗಡ ಅದರೊಳಗೆ ಒಬ್ಬ ಮನುಷ್ಯ ಎಷ್ಟು ಹೊತ್ತಿನಿಂದ ಕೂತಾನ ಅನ್ನೋದಕ್ಕೂ ಒಂದು ಖಾನೆ ಇಡ್ರಿ.

ಇಷ್ಟೆಲ್ಲಾ ಇದ್ದೂ ಆ ಊರಿನ ಮೇಲೆ ಪ್ರೀತಿ ಯಾಕೆ ಅಂದ್ರೆ, ಆ ಊರು ನನಗೆ ಸುಳ್ಳು ಹೇಳಿಲ್ಲ. ನಗಲಿಲ್ಲ, ಮೋಸವೂ ಮಾಡಲಿಲ್ಲ. ನನ್ನ ಇಬ್ಬರು ಮಕ್ಕಳ ಶಾಲೆ ಫೀಸು ಆ ರಸ್ತೆಯಿಂದ ಬಂದದ.

ಕೊನೆಗೆ ನಿಮಗೆ ನಾಲ್ಕು ಕೆಲಸ ಹೇಳಿ ಮುಗಿಸ್ತೀನಿ. ಇಪ್ಪತ್ತು ಮರಾಠಿ ಮಾತು ಕಲೀರಿ. ಕಷ್ಟ ಇಲ್ಲ, ಅಣ್ಣಾ, ಅಕ್ಕಾ ಅವರಲ್ಲೂ ಅದಾವ. ನಿಮ್ಮ ಬಿಲ್ಡಿಂಗಿನ ವಾಚ್‌ಮನ್, ಗೌಂಡಿ, ಕಸ ಒಯ್ಯೋ ಅಕ್ಕನ ಊರು ಯಾವುದು ಅಂತ ಒಂದು ಸಲ ಕೇಳ್ರಿ. ತಿಂಗಳಿಗೆ ಒಂದು ಸಲ ಬೆಳಗಿನ ಜಾವ ಮಾರ್ಕೆಟ್ ಯಾರ್ಡಿಗೆ ಹೋಗ್ರಿ, ಇಂಡಿ ಲಿಂಬಿ ಸಿಕ್ಕರೆ ತಗೊಳ್ರಿ. ನಾಲ್ಕನೇದು, ಕಾತ್ರಜ್ ಇಳಿಜಾರಲ್ಲಿ ನಮ್ಮ ಮುಂದಿನ ಜಾಗ ನಮಗೆ ಬಿಡ್ರಿ.

ನಾಳೆ ರಾತ್ರಿ ಲೋಡಿಂಗ್ ಅದ, ಹೋಗಿ ಮಲಗ್ತೀನಿ.